ಒಂದೇ ಹೊಲ, ಎರಡು ಯುದ್ಧ: ಮನಾಸಸ್ ರಣಭೂಮಿಯಲ್ಲಿ ನಡೆದದ್ದೇನು?

ಅಮೆರಿಕದ ವರ್ಜೀನಿಯಾ ರಾಜ್ಯದ ಸೆಂಟರ್‌ವಿಲ್, ಶಾಂಟಿಲಿ ಕಡೆ ನೆಲೆಸಿರುವ ಕನ್ನಡಿಗರಿಗೆ 29ನೇ ಹೆದ್ದಾರಿ ಪರಿಚಿತವೇ. ಅದರಲ್ಲಿ ಪಶ್ಚಿಮಕ್ಕೆ ಹೊರಟರೆ ಬುಲ್ ರನ್ ಎಂಬ ಹಳ್ಳ ಸಿಗುತ್ತದೆ, ಬಲಗಡೆಗೆ ಒಂದು ಹಳೆಯ ಕಲ್ಲಿನ ಸೇತುವೆ. ಹಳ್ಳ ದಾಟಿದ ಕೂಡಲೇ ಊರು ಮುಗಿದುಹೋಗುತ್ತದೆ. ಹುಲ್ಲು, ಮರದ ಬೇಲಿ, ಬಾಯ್ತೆರೆದು ನಿಂತ ಫಿರಂಗಿಗಳು, ಮತ್ತೆ ಹುಲ್ಲು. ಮನೆ, ಅಂಗಡಿ, ಕಚೇರಿಗಳಿಂದ ಕಿಕ್ಕಿರಿದ ಸೀಮೆಯಲ್ಲಿ ಸುಮಾರು 5,000 ಎಕರೆ ಜಾಗ ಹೀಗೆ ಖಾಲಿ ಬಿದ್ದಿದೆ. ಅದೇ ಮನಾಸಸ್ ರಣಭೂಮಿ.

ಈ ಜಾಗದ ಪಕ್ಕದಲ್ಲೇ ಕೆಲವು ವರ್ಷಗಳಿಂದ ದೊಡ್ಡ ಜಗಳವೊಂದು ನಡೆಯುತ್ತಿದೆ. ಸುಮಾರು 2,100 ಎಕರೆಯಲ್ಲಿ ಡೇಟಾ ಸೆಂಟರ್‌ಗಳ ಸಮೂಹ ಕಟ್ಟುವ ಯೋಜನೆಗೆ 2023ರ ಡಿಸೆಂಬರಿನಲ್ಲಿ ಪ್ರಿನ್ಸ್ ವಿಲಿಯಂ ಕೌಂಟಿಯ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು. ಸಾರ್ವಜನಿಕ ನೋಟಿಸ್ ಕೊಡುವ ಕ್ರಮದಲ್ಲಿ ಲೋಪವಾಗಿದೆ ಎಂದು 2025ರ ಆಗಸ್ಟಿನಲ್ಲಿ ನ್ಯಾಯಾಲಯ ಆ ಒಪ್ಪಿಗೆಯನ್ನು ಅಸಿಂಧುಗೊಳಿಸಿತು. ವಿರೋಧಿಸಿದವರು ಹೇಳಿದ ಮಾತುಗಳಲ್ಲಿ ಒಂದು ಮೊದಲ ಬಾರಿ ಕೇಳಿದವರಿಗೆ ವಿಚಿತ್ರವೆನಿಸಬಹುದು: ರಣಭೂಮಿಯಲ್ಲಿ ನಿಂತವರ ನೋಟಕ್ಕೆ ಈ ಕಟ್ಟಡಗಳು ಅಡ್ಡ ಬರುತ್ತವೆ ಎಂಬುದು. ಯುದ್ಧ ಮುಗಿದು ನೂರೈವತ್ತು ವರ್ಷಗಳ ಮೇಲಾಗಿದೆ. ಈಗ ನೋಟಕ್ಕೆ ಅಡ್ಡ ಬಂದರೆ ನಷ್ಟವೇನು?

ಇದಕ್ಕೆ ಉತ್ತರ ಬೇಕಾದರೆ ಆ ಹೊಲದಲ್ಲಿ 1861ರಲ್ಲಿ ಮತ್ತು 1862ರಲ್ಲಿ ಏನು ನಡೆಯಿತು ಎಂಬುದನ್ನು ಮೊದಲು ತಿಳಿಯಬೇಕು. ಅಲ್ಲಿನ ಎರಡೂ ಯುದ್ಧಗಳ ಫಲಿತಾಂಶ ನಿಂತಿದ್ದು ಯಾರಿಗೆ ಏನು ಕಂಡಿತು, ಏನು ಕಾಣಲಿಲ್ಲ ಎಂಬುದರ ಮೇಲೆ.

ಯಾರ ನಡುವಿನ ಯುದ್ಧ?

ಒಂದೇ ದೇಶದ ಜನ ಎರಡು ಪಾಳಯವಾಗಿ ಹೊಡೆದಾಡುವುದನ್ನು ಅಂತರ್ಯುದ್ಧ ಎನ್ನುತ್ತೇವೆ. ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಮೂಲ ಕಾರಣ ಗುಲಾಮಗಿರಿ. ಆಗ ಆ ದೇಶದಲ್ಲಿ ಸುಮಾರು 40 ಲಕ್ಷ ಕಪ್ಪು ಜನರು ಗುಲಾಮರಾಗಿದ್ದರು, ಬಹುತೇಕ ಎಲ್ಲರೂ ದಕ್ಷಿಣದ ರಾಜ್ಯಗಳಲ್ಲಿ. ಹತ್ತಿ, ತಂಬಾಕಿನ ತೋಟಗಳು ಅವರ ದುಡಿಮೆಯ ಮೇಲೆ ನಡೆಯುತ್ತಿದ್ದವು. ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹರಡಕೂಡದು ಎನ್ನುತ್ತಿದ್ದ ಅಬ್ರಹಾಂ ಲಿಂಕನ್ 1860ರ ನವೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟು ಹೊರನಡೆದವು. ಕೊನೆಗೆ 11 ರಾಜ್ಯಗಳು ಸೇರಿ ತಮ್ಮದೇ ಬೇರೆ ಸರ್ಕಾರ ಮಾಡಿಕೊಂಡವು. 1861ರ ಏಪ್ರಿಲ್ 12ರಂದು ಸೌತ್ ಕ್ಯಾರೊಲಿನಾದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ಫಿರಂಗಿಗಳು ಹಾರಿದವು. ಅಲ್ಲಿಂದ ಯುದ್ಧ.

ಈ ಲೇಖನದಲ್ಲಿ ಲಿಂಕನ್ ಸರ್ಕಾರದ ಸೈನ್ಯವನ್ನು ‘ಉತ್ತರ’ ಎಂದೂ ಹೊರನಡೆದವರ ಸೈನ್ಯವನ್ನು ‘ದಕ್ಷಿಣ’ ಎಂದೂ ಕರೆದಿದ್ದೇನೆ. ಉತ್ತರದ ರಾಜಧಾನಿ ವಾಷಿಂಗ್ಟನ್. ದಕ್ಷಿಣದ್ದು ರಿಚ್ಮಂಡ್. ಎರಡರ ನಡುವಿನ ದೂರ ಸುಮಾರು 160 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು. ಯುದ್ಧನಿರತವಾದ ಎರಡು ಸರ್ಕಾರಗಳ ರಾಜಧಾನಿಗಳು ಇಷ್ಟು ಹತ್ತಿರವಿದ್ದರೆ ನಡುವಿನ ಹೊಲಗದ್ದೆಗಳ ಗತಿ ಏನೆಂದು ಬೇರೆ ಹೇಳಬೇಕಿಲ್ಲ.

ಇದೇ ಜಾಗ ಏಕೆ?

ಮನಾಸಸ್ ಆಗ ಊರೆನಿಸಿಕೊಳ್ಳುವಷ್ಟು ದೊಡ್ಡದೂ ಆಗಿರಲಿಲ್ಲ. ಅದೊಂದು ರೈಲ್ವೆ ಜಂಕ್ಷನ್. ನಮ್ಮ ಅರಸೀಕೆರೆಯನ್ನು ನೆನೆಯಿರಿ: ಊರಿಗಿಂತ ಅಲ್ಲಿ ಕೂಡುವ ಹಳಿಗಳಿಂದಲೇ ಹೆಸರು. ವಾಷಿಂಗ್ಟನ್ ಕಡೆಯಿಂದ ದಕ್ಷಿಣಕ್ಕೆ ಇಳಿಯುವ ಹಳಿಯೂ, ಪಶ್ಚಿಮದ ಬೆಟ್ಟಸಾಲು ದಾಟಿ ಶೆನಂಡೋವಾ ಕಣಿವೆಗೆ ಹೋಗುವ ಹಳಿಯೂ ಮನಾಸಸ್‌ನಲ್ಲಿ ಕೂಡುತ್ತಿದ್ದವು. ಆ ಕಣಿವೆ ದಕ್ಷಿಣದವರ ಕಣಜ. ಜಂಕ್ಷನ್ ಯಾರ ಕೈಯಲ್ಲಿದೆಯೋ ಅವರಿಗೆ ದವಸ, ಮದ್ದುಗುಂಡು, ಸೈನಿಕರು ಮೂರೂ ಸಲೀಸು.

ಜಂಕ್ಷನ್‌ನ ಉತ್ತರಕ್ಕೆ ಬೇಲಿಯಂತೆ ಹರಿಯುವುದೇ ಬುಲ್ ರನ್ ಹಳ್ಳ. ಅಗಲ ಹೆಚ್ಚಿಲ್ಲ, ಆದರೆ ದಡ ಕಡಿದು. ಆನೆಗಾತ್ರದ ಫಿರಂಗಿ ಬಂಡಿಗಳು ಎಲ್ಲೆಂದರಲ್ಲಿ ಇಳಿಯಲಾರವು. ಕಲ್ಲಿನ ಸೇತುವೆಯ ಮೇಲೆ ದಾಟಬೇಕು, ಇಲ್ಲವೇ ನೀರು ಕಡಿಮೆ ಇರುವ ನಾಲ್ಕಾರು ಕಡೆ ಹಾಯ್ದು ಹೋಗಬೇಕು. ಹೀಗಾಗಿ ಆ ಕೆಲವು ಜಾಗಗಳನ್ನು ಕಾದರೆ ಇಡೀ ಹಳ್ಳವನ್ನೇ ಕಾದಂತೆ.

ಉಳಿದ ನೆಲ ಅಲೆಅಲೆಯಾಗಿದೆ. ಗುಡ್ಡ ಎಂದು ಕರೆಯುವುದೆಲ್ಲ ಕೇವಲ ದಿಣ್ಣೆಗಳು. ಆದರೆ ಒಂದು ದಿಣ್ಣೆಯ ಹಿಂದೆ ಸಾವಿರಾರು ಜನ ಕುಳಿತರೆ ಎದುರು ದಿಣ್ಣೆಯವನಿಗೆ ಒಂದು ಟೋಪಿಯೂ ಕಾಣುವುದಿಲ್ಲ. ಅಲ್ಲಿಗೆ ಹೋದವರು ಇದನ್ನು ತಾವೇ ಪರೀಕ್ಷಿಸಬಹುದು: ಜೊತೆಗೆ ಬಂದವರನ್ನು ನೂರಿನ್ನೂರು ಹೆಜ್ಜೆ ಮುಂದೆ ಕಳುಹಿಸಿ, ಅವರು ಇಳಿಜಾರಿನಲ್ಲಿ ಮರೆಯಾಗುವುದನ್ನು ನೋಡಿದರೆ ಸಾಕು.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಉತ್ತರದವರು ಯುದ್ಧಗಳಿಗೆ ಹತ್ತಿರದ ಹೊಳೆ ಹಳ್ಳಗಳ ಹೆಸರಿಡುತ್ತಿದ್ದರು, ದಕ್ಷಿಣದವರು ಊರಿನ ಹೆಸರು. ಆದ್ದರಿಂದ ‘ಬುಲ್ ರನ್ ಯುದ್ಧ’ ಮತ್ತು ‘ಮನಾಸಸ್ ಯುದ್ಧ’ ಎರಡೂ ಒಂದೇ.

ಸಾಲುಗಟ್ಟಿ ನಿಂತು ಗುಂಡಿಗೆ ಎದೆಯೊಡ್ಡಿದ್ದೇಕೆ?

ಆ ಕಾಲದ ಯುದ್ಧದ ಚಿತ್ರ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ಮರೆಯಲ್ಲಿ ಅಡಗಿ ಹೊಡೆಯುವುದು ಬಿಟ್ಟು ಭುಜಕ್ಕೆ ಭುಜ ತಾಗಿಸಿ ಬಯಲಲ್ಲಿ ನಿಲ್ಲುವುದು ಹುಚ್ಚುತನವಲ್ಲವೇ?

ಉತ್ತರ ಕೋವಿಯಲ್ಲಿದೆ. ಆಗಿನ ಕೋವಿಗೆ ಮದ್ದುಗುಂಡನ್ನು ತುಂಬುತ್ತಿದ್ದುದು ನಳಿಗೆಯ ಬಾಯಿಂದ. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ಮದ್ದನ್ನು ನಳಿಗೆಗೆ ಸುರಿಯಬೇಕು, ಗುಂಡನ್ನು ಇಳಿಸಿ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಗಿಡಿಯಬೇಕು, ಆಮೇಲೆ ಕೋವಿಯ ಕುದುರೆಯ, ಅಂದರೆ ಬಡಿಯುವ ಕೊಕ್ಕೆಯ, ಕೆಳಗೆ ಸಣ್ಣದೊಂದು ತಾಮ್ರದ ಕೇಪು ಕೂರಿಸಬೇಕು. ಪಳಗಿದವನಿಗೂ ನಿಮಿಷಕ್ಕೆ ಮೂರು ಸಲ ಹೊಡೆಯುವುದೇ ಹೆಚ್ಚು. ಮಲಗಿಕೊಂಡು ತುಂಬುವುದಂತೂ ಬಲು ಕಷ್ಟ. ನಯವಾದ ನಳಿಗೆಯ ಹಳೆಯ ಕೋವಿಯಿಂದ ನೂರು ಗಜದಾಚೆಗೆ ಗುರಿಯಿಟ್ಟು ಒಬ್ಬನನ್ನು ಹೊಡೆಯುವುದು ಅದೃಷ್ಟದ ಮಾತು. ಒಬ್ಬೊಬ್ಬರೇ ಹೊಡೆದರೆ ಉಪಯೋಗವಿಲ್ಲದ ಆಯುಧ, ಐನೂರು ಜನ ಒಟ್ಟಿಗೆ ಹೊಡೆದರೆ ಎದುರಿನ ಸಾಲನ್ನೇ ಕೊಯ್ದು ಹಾಕುತ್ತಿತ್ತು. ಅದಕ್ಕಾಗಿಯೇ ಸಾಲು.

ಇನ್ನೊಂದು ಕಾರಣ ಹೊಗೆ ಮತ್ತು ಸದ್ದು. ಆ ಮದ್ದು ದಟ್ಟ ಬಿಳಿ ಹೊಗೆ ಕಾರುತ್ತಿತ್ತು. ಕೆಲವು ಸುತ್ತು ಹಾರಿದ ಮೇಲೆ ಪಕ್ಕದವನ ಮುಖವೂ ಮಸುಕು. ವೈರ್‌ಲೆಸ್ ಇಲ್ಲದ ಕಾಲದಲ್ಲಿ ಅಧಿಕಾರಿಯ ಕೂಗು, ನಗಾರಿಯ ಬಡಿತ, ಮೇಲೆತ್ತಿ ಹಿಡಿದ ಬಾವುಟ ಇವಿಷ್ಟೇ ಸೈನಿಕನಿಗೆ ದಿಕ್ಕು. ಬಾವುಟ ಕಂಡಲ್ಲಿಗೆ ನಡೆ, ಅದು ನಿಂತಲ್ಲಿ ನಿಲ್ಲು. ಬಾವುಟ ಹಿಡಿದವನು ಬಿದ್ದರೆ ಮತ್ತೊಬ್ಬ ಎತ್ತುತ್ತಿದ್ದ. ಅದು ಬರೀ ಗೌರವಕ್ಕಲ್ಲ.

1861ರ ಹೊತ್ತಿಗೆ ನಳಿಗೆಯೊಳಗೆ ಸುರುಳಿ ಗೀರುಗಳಿದ್ದ ಹೊಸ ಕೋವಿಗಳು ಬರತೊಡಗಿದ್ದವು. ಗೀರು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ನೇರವಾಗಿ, ದೂರ ಹೋಗುತ್ತದೆ. ಮುನ್ನೂರು ಗಜದವರೆಗೂ ಅವುಗಳ ಗುರಿ ನಂಬಬಹುದಿತ್ತು. ಕೋವಿ ಬದಲಾದರೂ ಸಾಲು ಕಟ್ಟುವ ಪದ್ಧತಿ ಬದಲಾಗಲು ವರ್ಷಗಳೇ ಹಿಡಿದವು. ಸತ್ತವರ ಸಂಖ್ಯೆ ಏರಿದ್ದಕ್ಕೆ ಇದೂ ಒಂದು ಕಾರಣ. ಇನ್ನು ಫಿರಂಗಿಗಳು ದೂರಕ್ಕೆ ಕಬ್ಬಿಣದ ಗುಂಡುಗಳನ್ನೂ ಸಿಡಿಗುಂಡುಗಳನ್ನೂ ಎಸೆಯುತ್ತಿದ್ದವು. ಶತ್ರು ಹತ್ತಿರ ಬಂದರೆ ಕಬ್ಬಿಣದ ಗೋಲಿ ತುಂಬಿದ ತಗಡಿನ ಡಬ್ಬಿಗಳನ್ನು ಹಾರಿಸುತ್ತಿದ್ದವು. ಡಬ್ಬಿ ಬಾಯಲ್ಲೇ ಒಡೆದು ಗೋಲಿಗಳು ಹರಡುತ್ತಿದ್ದವು.

ಇನ್ನೊಂದು ಪದ ಗೊತ್ತಿದ್ದರೆ ಮುಂದಿನದು ಸುಲಭ: ಮಗ್ಗುಲು. ಸಾಲಿನ ಕೋವಿಗಳೆಲ್ಲ ಮುಂದಕ್ಕೆ ಮುಖ ಮಾಡಿರುತ್ತವೆ. ಆ ಸಾಲಿನ ತುದಿಗೆ, ಅಂದರೆ ಮಗ್ಗುಲಿಗೆ, ಶತ್ರು ಬಂದರೆ ಅವನ ಕಡೆ ತಿರುಗಿ ಹೊಡೆಯಬಲ್ಲವರು ತುದಿಯ ಬೆರಳೆಣಿಕೆಯ ಜನ ಮಾತ್ರ. ಸೇನಾನಾಯಕರೆಲ್ಲ ಎದುರಾಳಿಯ ಮಗ್ಗುಲು ಹುಡುಕುತ್ತಿದ್ದುದು ಇದಕ್ಕೇ.

1861ರ ಜುಲೈ 21: ಭಾನುವಾರದ ಯುದ್ಧ

ಯುದ್ಧ ಒಂದೇ ಏಟಿಗೆ ಮುಗಿಯುತ್ತದೆ ಎಂದು ಎರಡೂ ಕಡೆಯವರು ನಂಬಿದ್ದರು. ಲಿಂಕನ್ ಮೊದಲು ಕರೆದ 75,000 ಸೈನಿಕರ ಸೇವಾವಧಿ ಕೇವಲ 90 ದಿನ. ಆ ಅವಧಿ ಮುಗಿಯುತ್ತ ಬಂದಿತ್ತು, ಪತ್ರಿಕೆಗಳು ರಿಚ್ಮಂಡ್‌ಗೆ ನುಗ್ಗಿ ಎಂದು ಅಬ್ಬರಿಸುತ್ತಿದ್ದವು. ಉತ್ತರದ ಸೇನಾಪತಿ ಅರ್ವಿನ್ ಮ್ಯಾಕ್‌ಡೊವೆಲ್‌ಗೆ ತನ್ನ ಹುಡುಗರು ಇನ್ನೂ ಪಳಗಿಲ್ಲವೆಂದು ಗೊತ್ತಿದ್ದರೂ ಸುಮಾರು 35,000 ಜನರನ್ನು ಕಟ್ಟಿಕೊಂಡು ಜುಲೈ 16ರಂದು ಹೊರಟರು. ಹಳ್ಳದಾಚೆ ದಕ್ಷಿಣದ ಬೋರೆಗಾರ್ಡ್ 22,000 ಜನರೊಂದಿಗೆ ಕಾದಿದ್ದರು.

ಮ್ಯಾಕ್‌ಡೊವೆಲ್ ಯೋಜನೆ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಕಲ್ಲಿನ ಸೇತುವೆಯ ಮುಂದೆ ಸುಮ್ಮನೆ ಗದ್ದಲ ಎಬ್ಬಿಸುವುದು. ಅಷ್ಟರಲ್ಲಿ ದೊಡ್ಡ ಪಡೆಯೊಂದು ಮೇಲ್ಗಡೆ ಸಡ್ಲಿ ಎಂಬಲ್ಲಿ ಹಳ್ಳ ಹಾಯ್ದು ದಕ್ಷಿಣದವರ ಎಡಮಗ್ಗುಲಿಗೆ ಬೀಳುವುದು. ಬೆಳಗಿನ ಜಾವ ಎರಡಕ್ಕೇ ಹೊರಟರು. ಕತ್ತಲು, ಕಿರುದಾರಿ, ನಡೆದು ಅಭ್ಯಾಸವಿಲ್ಲದ ಜನ. ಹಳ್ಳ ದಾಟುವಾಗ ಒಂಬತ್ತೂವರೆ.

ಆ ವೇಳೆಗೆ ಹಲವು ಮೈಲಿ ದೂರದ ಗುಡ್ಡವೊಂದರ ಮೇಲೆ ದಕ್ಷಿಣದ ಸಂಕೇತ ಅಧಿಕಾರಿ ಪೋರ್ಟರ್ ಅಲೆಕ್ಸಾಂಡರ್ ದುರ್ಬೀನು ಹಿಡಿದು ಕುಳಿತಿದ್ದರು. ಬೆಳಗಿನ ಬಿಸಿಲಿಗೆ ಹಿತ್ತಾಳೆಯ ಫಿರಂಗಿಯೊಂದು ಮಿಂಚಿದ್ದು, ಅದರ ಹಿಂದೆ ಸಂಗೀನುಗಳ ಸಾಲು ಹೊಳೆದದ್ದು ಅವರ ಕಣ್ಣಿಗೆ ಬಿತ್ತು. ಕೂಡಲೇ ಬಾವುಟ ಬೀಸಿ ಸೇತುವೆ ಕಾಯುತ್ತಿದ್ದ ನೇಥನ್ ಇವಾನ್ಸ್‌ಗೆ ಎಡಮಗ್ಗುಲಿನ ಕಡೆ ಶತ್ರು ತಿರುಗಿ ಬರುತ್ತಿದ್ದಾನೆಂದು ಎಚ್ಚರಿಸಿದರು. ಬಾವುಟದ ಎಡ ಬಲ ಓಲಾಟಗಳನ್ನೇ ಅಕ್ಷರವಾಗಿಸುವ ಈ ಸಂಕೇತ ಪದ್ಧತಿ ಯುದ್ಧದಲ್ಲಿ ಹೀಗೆ ಕೆಲಸಕ್ಕೆ ಬಂದದ್ದು ಆವತ್ತೇ ಮೊದಲು. ಇವಾನ್ಸ್ ತಮ್ಮ ಚಿಕ್ಕ ತುಕಡಿಯನ್ನು ಮ್ಯಾಥ್ಯೂಸ್ ಗುಡ್ಡಕ್ಕೆ ಓಡಿಸಿ ಉತ್ತರದವರನ್ನು ತಡೆದರು. ಗೆಲ್ಲಲಿಲ್ಲ. ಆದರೆ ಎರಡು ತಾಸು ಸಿಕ್ಕಿತು.

ಹನ್ನೊಂದೂವರೆ ಹೊತ್ತಿಗೆ ದಕ್ಷಿಣದವರು ಚೆದುರಿ ಹೆನ್ರಿ ಗುಡ್ಡದತ್ತ ಹಿಮ್ಮೆಟ್ಟಿದರು. ಉತ್ತರದವರು ಗೆದ್ದೆವೆಂದು ಉಸಿರು ಬಿಟ್ಟರು. ಅದೇ ತಪ್ಪಾಯಿತು. ಮಧ್ಯಾಹ್ನದ ಆ ಬಿಡುವಿನಲ್ಲಿ ದಕ್ಷಿಣದ ತಾಮಸ್ ಜಾಕ್ಸನ್ ತಮ್ಮ ವರ್ಜೀನಿಯಾ ಬ್ರಿಗೇಡನ್ನು ಗುಡ್ಡದ ನೆತ್ತಿಯಲ್ಲಿ ಅಲ್ಲ, ಅದರ ಹಿಂಬದಿಯ ಇಳಿಜಾರಿನಲ್ಲಿ ಮಲಗಿಸಿದರು. ಮುಂದೆ 13 ಫಿರಂಗಿ. ಉತ್ತರದವರು ಹಾರಿಸಿದ ಗುಂಡುಗಳಲ್ಲಿ ಹೆಚ್ಚಿನವು ತಲೆಯ ಮೇಲೆ ಹಾದುಹೋದವು. ಜಾಕ್ಸನ್ ಕಲ್ಲಿನ ಗೋಡೆಯಂತೆ ನಿಂತಿದ್ದಾನೆ ನೋಡಿ ಎಂದು ಬರ್ನಾರ್ಡ್ ಬೀ ಎಂಬ ಸೇನಾನಿ ಕೂಗಿದ್ದು ಇಲ್ಲೇ. ‘ಸ್ಟೋನ್‌ವಾಲ್’ ಎಂಬ ಬಿರುದು ಅಂಟಿಕೊಂಡದ್ದು ಆಗಲೇ. ಅದು ಹೊಗಳಿಕೆಯೋ, ನೆರವಿಗೆ ಮುಂದೆ ಬರದೆ ನಿಂತಿದ್ದಾನೆಂಬ ಬೈಗುಳವೋ ಎಂಬ ಚರ್ಚೆ ಇಂದಿಗೂ ಇದೆ. ಕೇಳೋಣವೆಂದರೆ ಬೀ ಆ ದಿನವೇ ಗುಂಡು ತಾಗಿ ಮರುದಿನ ಸತ್ತರು.

ಮಧ್ಯಾಹ್ನ ಎರಡರ ನಂತರ ಉತ್ತರದ 11 ಫಿರಂಗಿಗಳು ಅದೇ ಗುಡ್ಡವೇರಿ ಜಾಕ್ಸನ್‌ರ ಎದುರೇ ನಿಂತವು. ಅವುಗಳಲ್ಲಿ ಎರಡನ್ನು ಕ್ಯಾಪ್ಟನ್ ಗ್ರಿಫಿನ್ ಒಂದು ಬದಿಗೆ ಒಯ್ದಿದ್ದರು. ಎದುರಿನ ಕಾಡಿನಿಂದ ನೀಲಿ ಬಟ್ಟೆಯ ರೆಜಿಮೆಂಟೊಂದು ಹೊರಬಂತು. ನೀಲಿ ಉತ್ತರದವರ ಬಣ್ಣ ತಾನೇ? ಆಗಿನ್ನೂ ಆ ನಿಯಮ ಗಟ್ಟಿಯಾಗಿರಲಿಲ್ಲ. ಪ್ರತಿ ಊರಿನವರು ತಮಗೆ ತೋಚಿದ ಬಟ್ಟೆ ಹೊಲಿಸಿಕೊಂಡು ಬಂದಿದ್ದರು. ಗ್ರಿಫಿನ್ ಹೊಡೆಯಲು ಸಿದ್ಧರಾದರೆ, ಅವರ ಮೇಲಧಿಕಾರಿ ಇವರು ನಮ್ಮವರೇ ಎಂದು ತಡೆದರು. ಬಂದವರು 33ನೇ ವರ್ಜೀನಿಯಾದವರು. ಹತ್ತಿರಕ್ಕೆ ಬಂದು ಒಮ್ಮೆಲೇ ಕೋವಿ ಹಾರಿಸಿದರು. ಫಿರಂಗಿಯವರೂ ಕುದುರೆಗಳೂ ನಿಂತಲ್ಲೇ ಉರುಳಿದರು. ಇಡೀ ದಿನದ ತಿರುವು ಯಾವುದೆಂದು ಕೇಳಿದರೆ ನಾನು ಈ ಗಳಿಗೆಯನ್ನೇ ತೋರಿಸುತ್ತೇನೆ.

ಆಮೇಲಿನ ಹೊತ್ತೆಲ್ಲ ಆ ಫಿರಂಗಿಗಳು ಕೈಯಿಂದ ಕೈಗೆ ಹೋದವು, ಮರಳಿ ಬಂದವು. ಅಷ್ಟರಲ್ಲಿ ಜಂಕ್ಷನ್ ತನ್ನ ಕೆಲಸ ಮಾಡಿತ್ತು. ಶೆನಂಡೋವಾ ಕಣಿವೆಯಲ್ಲಿದ್ದ ದಕ್ಷಿಣದ ಜೋಸೆಫ್ ಜಾನ್‌ಸ್ಟನ್‌ರನ್ನು ಅಲ್ಲೇ ಕಟ್ಟಿಹಾಕಬೇಕಿದ್ದ ಉತ್ತರದ ಪಡೆಗೆ ಅವರು ಜಾರಿಹೋದದ್ದೇ ತಿಳಿಯಲಿಲ್ಲ. ಒಂಟಿ ಹಳಿಯ ಮೇಲೆ ರೈಲು ಹೋಗಿ ಬಂದು ಹೋಗಿ ಬಂದು ಜಾನ್‌ಸ್ಟನ್‌ರ ಸಾವಿರಾರು ಜನರನ್ನು ಮನಾಸಸ್‌ಗೆ ತಂದು ಇಳಿಸಿತು. ಕಡೆಯ ತುಕಡಿ ಇಳಿದದ್ದು ಯುದ್ಧದ ದಿನ ಮಧ್ಯಾಹ್ನ. ನಾಲ್ಕರ ಸುಮಾರಿಗೆ ಹೊಸದಾಗಿ ಬಂದವರು ಚಿನ್ ದಿಬ್ಬದ ಮೇಲೆ ಉತ್ತರದವರ ಬಲಮಗ್ಗುಲಿಗೆ ಬಿದ್ದರು. ಸಾಲು ಮುರಿಯಿತು.

ಮೊದಲು ಹಿಮ್ಮೆಟ್ಟಿದ್ದು, ಆಮೇಲೆ ಓಟ. ಕಬ್ ರನ್ ಎಂಬ ಇನ್ನೊಂದು ಹಳ್ಳದ ಸೇತುವೆಯ ಮೇಲೆ ಬಂಡಿಯೊಂದು ಮಗುಚಿ ದಾರಿ ಕಟ್ಟಿತು. ಬುತ್ತಿ ಕಟ್ಟಿಕೊಂಡು ಯುದ್ಧ ನೋಡಲು ವಾಷಿಂಗ್ಟನ್‌ನಿಂದ ಬಂದಿದ್ದ ಸಂಸದರೂ ದೊಡ್ಡ ಮನುಷ್ಯರೂ ಈ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡರು. ಆಲ್ಫ್ರೆಡ್ ಈಲಿ ಎಂಬ ಸಂಸದರು ಸೆರೆಯಾದರು. ಅಂದಹಾಗೆ, ಈ ಪ್ರೇಕ್ಷಕರಲ್ಲಿ ಹೆಚ್ಚಿನವರು ಮೈಲಿಗಟ್ಟಲೆ ದೂರದ ಸೆಂಟರ್‌ವಿಲ್‌ನಲ್ಲಿ ಕುಳಿತಿದ್ದರು. ಅವರು ಕಂಡದ್ದು ಹೊಗೆಯನ್ನಷ್ಟೇ.

ಎರಡೂ ಕಡೆ ಸೇರಿ ಸುಮಾರು 850 ಜನ ಸತ್ತರು. ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರೂ ಸೇರಿದರೆ ನಷ್ಟ ಸುಮಾರು 4,900. ಅಲ್ಲಿಯವರೆಗೆ ಆ ದೇಶ ಒಂದೇ ದಿನದಲ್ಲಿ ಇಷ್ಟು ಕಂಡಿರಲಿಲ್ಲ.

ಆ ಹೊಲಗಳಲ್ಲಿ ಇದ್ದವರು

ಹೆನ್ರಿ ಗುಡ್ಡಕ್ಕೆ ಆ ಹೆಸರು ಬಂದದ್ದು ಅಲ್ಲಿ ಮನೆ ಮಾಡಿಕೊಂಡಿದ್ದ ಕುಟುಂಬದಿಂದ. ಮನೆಯೊಡತಿ ಜೂಡಿತ್ ಹೆನ್ರಿಗೆ 85 ವರ್ಷ, ಹಾಸಿಗೆ ಹಿಡಿದಿದ್ದರು. ಆ ಮನೆಯಿಂದ ದಕ್ಷಿಣದವರು ಗುಂಡು ಹಾರಿಸುತ್ತಿದ್ದಾರೆಂದು ಉತ್ತರದ ಫಿರಂಗಿಗಳು ಅತ್ತ ತಿರುಗಿದವು. ಆ ಅಜ್ಜಿ ತನ್ನ ಕೋಣೆಯಲ್ಲೇ ಸತ್ತರು. ಮೊದಲ ಯುದ್ಧದಲ್ಲಿ ಸತ್ತ ನಾಗರಿಕರು ಅವರೊಬ್ಬರೇ. ಮನೆಯ ಪಕ್ಕದಲ್ಲೇ ಅವರ ಸಮಾಧಿ ಇದೆ.

ಅಲ್ಲಿಂದ ಕೂಗಳತೆಯಲ್ಲಿ ಜೇಮ್ಸ್ ರಾಬಿನ್ಸನ್ ಅವರ ಹೊಲ. ಅವರು ಗುಲಾಮರಲ್ಲದ, ಸ್ವತಂತ್ರ ಕಪ್ಪು ರೈತ. ಆದರೆ ಅವರ ಹೆಂಡತಿ ಗುಲಾಮಳಾಗಿದ್ದರಿಂದ ಆಗಿನ ಕಾನೂನಿನಂತೆ ಮಕ್ಕಳೂ ಗುಲಾಮರೇ. ದುಡಿದು ಕೂಡಿಸಿದ ಹಣದಿಂದ ತನ್ನದೇ ಮಕ್ಕಳಲ್ಲಿ ಕೆಲವರನ್ನು ಅವರು ಬಿಡಿಸಿಕೊಳ್ಳಬೇಕಾಯಿತು. ಎರಡು ಯುದ್ಧಗಳ ನಡುವೆ ಸಿಕ್ಕು ಹಾಳಾದ ಬೆಳೆ, ಬೇಲಿ, ಸಾಮಾನುಗಳಿಗೆ ಯುದ್ಧಾನಂತರ ಸರ್ಕಾರದಿಂದ ಪರಿಹಾರ ಕೇಳಿದರು. ಕೇಳಿದ್ದರಲ್ಲಿ ಒಂದು ಭಾಗ ಸಿಕ್ಕಿತು.

ಜಂಕ್ಷನ್ ಹತ್ತಿರದ ವಿಲ್ಮರ್ ಮೆಕ್‌ಲೀನ್ ಅವರ ಜಮೀನನ್ನು ಬೋರೆಗಾರ್ಡ್ ಠಾಣ್ಯ ಮಾಡಿಕೊಂಡಿದ್ದರು. ಜುಲೈ 18ರ ಚಿಕ್ಕ ಕಾಳಗದಲ್ಲಿ ಅಡುಗೆಮನೆಯ ಕಡೆ ಫಿರಂಗಿ ಗುಂಡು ಬಿತ್ತು. ಮೆಕ್‌ಲೀನ್ ಆಮೇಲೆ ಸಂಸಾರ ಕಟ್ಟಿಕೊಂಡು ದಕ್ಷಿಣದ ಮೂಲೆಯ ಆಪೊಮ್ಯಾಟಾಕ್ಸ್ ಎಂಬ ಹಳ್ಳಿಗೆ ಹೋದರು. 1865ರ ಏಪ್ರಿಲ್ 9ರಂದು ದಕ್ಷಿಣದ ಮಹಾಸೇನಾಪತಿ ರಾಬರ್ಟ್ ಲೀ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಅದೇ ಮೆಕ್‌ಲೀನರ ಹೊಸ ಮನೆಯ ಪಡಸಾಲೆಯಲ್ಲಿ!

1862ರ ಆಗಸ್ಟ್: ಹಳಿ ಇಲ್ಲದ ರೈಲುದಾರಿ

ಹದಿಮೂರು ತಿಂಗಳಲ್ಲಿ ಯುದ್ಧದ ಚಹರೆಯೇ ಬದಲಾಗಿತ್ತು. 90 ದಿನದ ಹುಡುಗರ ಜಾಗದಲ್ಲಿ ಮೂರು ವರ್ಷಕ್ಕೆ ಬಂದ ಸೈನಿಕರು. ಬಟ್ಟೆಯ ಗೊಂದಲ ಬಹುಮಟ್ಟಿಗೆ ತೀರಿತ್ತು. ಮೊದಲ ಯುದ್ಧದಲ್ಲಿ ದೂರದಿಂದ ಎರಡೂ ಬಾವುಟಗಳು ಒಂದೇ ರೀತಿ ಕಂಡು ಪೇಚಾಟವಾದ್ದರಿಂದ ದಕ್ಷಿಣದವರು ರಣರಂಗಕ್ಕೆಂದೇ ಓರೆ ಪಟ್ಟಿಗಳ ಹೊಸ ಬಾವುಟ ಮಾಡಿಕೊಂಡಿದ್ದರು. ಇಂದಿಗೂ ಅಮೆರಿಕದಲ್ಲಿ ವಿವಾದಕ್ಕೆ ಕಾರಣವಾಗುವ ಬಾವುಟ ಅದೇ.

ಈ ಸಲ ಉತ್ತರದ ಸೇನಾಪತಿ ಜಾನ್ ಪೋಪ್, ಸುಮಾರು 62,000 ಜನ. ಎದುರಿಗೆ ರಾಬರ್ಟ್ ಲೀ, 50,000ದಷ್ಟು. ಮ್ಯಾಕ್‌ಲೆಲನ್ ಅವರ ಇನ್ನೊಂದು ದೊಡ್ಡ ಸೈನ್ಯ ಹಡಗುಗಳಲ್ಲಿ ಬಂದು ಪೋಪ್‌ರನ್ನು ಕೂಡಿಕೊಳ್ಳುವುದರಲ್ಲಿತ್ತು. ಅಷ್ಟರೊಳಗೆ ಪೋಪ್‌ರನ್ನು ಹೊಡೆಯದಿದ್ದರೆ ಲೀ ಉಳಿಯುವಂತಿರಲಿಲ್ಲ. ಅವರು ಸೈನ್ಯವನ್ನು ಎರಡು ಮಾಡಿದರು. ಬಲಾಢ್ಯ ಶತ್ರುವಿನ ಎದುರು ಹಾಗೆ ಮಾಡಬಾರದೆಂಬುದು ಯುದ್ಧಶಾಸ್ತ್ರದ ಮೊದಲ ಪಾಠ. ಜಾಕ್ಸನ್ ಸುಮಾರು 24,000 ಜನರೊಂದಿಗೆ ಎರಡು ದಿನದಲ್ಲಿ 80 ಕಿ.ಮೀ.ಗೂ ಹೆಚ್ಚು ನಡೆದು, ಬೆಟ್ಟಸಾಲಿನ ಮರೆಯಲ್ಲಿ ಸುತ್ತಿ ಬಂದು, ಪೋಪ್‌ರ ಬೆನ್ನ ಹಿಂದಿದ್ದ ಮನಾಸಸ್ ಜಂಕ್ಷನ್‌ಗೆ ಲಗ್ಗೆಯಿಟ್ಟರು. ಅಲ್ಲಿ ಉತ್ತರದವರ ಬೃಹತ್ ಉಗ್ರಾಣ. ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದವರು ತಿನ್ನುವಷ್ಟು ತಿಂದರು, ಹೊರುವಷ್ಟು ಹೊತ್ತರು, ಉಳಿದದ್ದಕ್ಕೆ ಬೆಂಕಿಯಿಟ್ಟರು.

ಆಮೇಲೆ ಜಾಕ್ಸನ್ ಮಾಯವಾದರು. ಇಪ್ಪತ್ತು ಸಾವಿರದ ಮೇಲ್ಪಟ್ಟ ಸೈನ್ಯ ಮಾಯವಾಗುವುದು ಹೇಗೆ? ಹಳೆಯ ರಣಭೂಮಿಯ ಪಶ್ಚಿಮ ಅಂಚಿನಲ್ಲಿ ರೈಲು ಕಂಪನಿಯೊಂದು ದಾರಿ ಮಾಡಲು ಮಣ್ಣು ಕೆಲಸ ಮುಗಿಸಿ, ಹಳಿ ಹಾಕದೆ ಕೈಬಿಟ್ಟಿತ್ತು. ತಗ್ಗಿದ್ದಲ್ಲಿ ಕೆರೆಯ ಏರಿಯಂತೆ ಮಣ್ಣಿನ ದಿಬ್ಬ, ದಿಣ್ಣೆ ಇದ್ದಲ್ಲಿ ಅದನ್ನು ಕಡಿದ ಕೊರಕಲು. ಹಿಂದೆ ಕಾಡು. ಯಾರೋ ಕಟ್ಟಿಟ್ಟು ಹೋದ ಕೋಟೆಯೇ ಅದು. ಜಾಕ್ಸನ್ ಅಡಗಿದ್ದು ಅಲ್ಲೇ. ಪೋಪ್ ಮಾತ್ರ ಜಾಕ್ಸನ್‌ರನ್ನು ಹುಡುಕುತ್ತ ಸೈನ್ಯವನ್ನು ಅತ್ತಿತ್ತ ಓಡಾಡಿಸಿದರು.

28ರ ಸಂಜೆ ಹೆದ್ದಾರಿಯಲ್ಲಿ ನಿಶ್ಚಿಂತೆಯಿಂದ ಸಾಗುತ್ತಿದ್ದ ಉತ್ತರದ ತುಕಡಿಯ ಮೇಲೆ ಜಾಕ್ಸನ್ ತಾವಾಗಿಯೇ ಬಿದ್ದರು. ಬ್ರಾನರ್ ಎಂಬ ರೈತನ ಹೊಲದಲ್ಲಿ ಎರಡು ಸಾಲುಗಳು ನೂರು ಗಜಕ್ಕೂ ಕಡಿಮೆ ಅಂತರದಲ್ಲಿ, ಕತ್ತಲಾಗುವವರೆಗೆ, ಒಂದು ಹೆಜ್ಜೆ ಹಿಂದೆ ಸರಿಯದೆ ಹೊಡೆದಾಡಿದವು. ಮೂವರಲ್ಲಿ ಒಬ್ಬ ಸತ್ತ ಅಥವಾ ಗಾಯಗೊಂಡ. ಗೆದ್ದವರು ಯಾರೂ ಇಲ್ಲ. ಆದರೆ ಜಾಕ್ಸನ್ ಎಲ್ಲಿದ್ದಾರೆಂಬುದು ಪೋಪ್‌ಗೆ ಗೊತ್ತಾಯಿತು. ಜಾಕ್ಸನ್‌ಗೆ ಬೇಕಾಗಿದ್ದುದೂ ಅದೇ.

ಪೋಪ್‌ಗೆ ಕಾಣದೆ ಹೋದ ಸೈನ್ಯ

29ರಂದು ಪೋಪ್ ಆ ರೈಲುದಾರಿಯ ಏರಿಯ ಮೇಲೆ ಒಂದಾದ ಮೇಲೊಂದು ತುಕಡಿ ಕಳುಹಿಸಿದರು. ಎಲ್ಲವನ್ನೂ ಒಟ್ಟಿಗೆ ಕಳುಹಿಸಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಬಿಡಿಬಿಡಿಯಾಗಿ ಹೋದವರು ಏರಿ ಹತ್ತಿ, ಕೆಲವು ಕಡೆ ದಾಟಿ, ಹಿಂದೆ ನೆರವಿಲ್ಲದೆ ವಾಪಸಾದರು.

ಇತ್ತ ಲೀಯ ಸೈನ್ಯದ ಇನ್ನೊಂದು ಅರ್ಧ, ಜೇಮ್ಸ್ ಲಾಂಗ್‌ಸ್ಟ್ರೀಟ್ ಅವರ ಕೈಕೆಳಗಿನ ಸುಮಾರು 25,000 ಜನ, ಥರೋಫೇರ್ ಎಂಬ ಕಣಿವೆದಾರಿಯಿಂದ ಬಂದು 29ರ ಮಧ್ಯಾಹ್ನದ ವೇಳೆಗೆ ಜಾಕ್ಸನ್‌ರ ಬಲಕ್ಕೆ, ದಿಣ್ಣೆಗಳ ಮತ್ತು ಕಾಡಿನ ಮರೆಯಲ್ಲಿ ನಿಂತಿತು. ಉತ್ತರದ ಕುದುರೆ ಪಡೆಯ ಜಾನ್ ಬಫರ್ಡ್ ಆ ಬೆಳಿಗ್ಗೆಯೇ 17 ರೆಜಿಮೆಂಟ್‌ಗಳನ್ನು ಎಣಿಸಿ ಚೀಟಿ ಬರೆದು ಕಳುಹಿಸಿದ್ದರು. ಆ ಚೀಟಿ ತಲುಪಿದ್ದು ಮ್ಯಾಕ್‌ಡೊವೆಲ್ ಅವರಿಗೆ. ಹೌದು, ಹಿಂದಿನ ವರ್ಷ ಸೋತವರಿಗೇ, ಈಗ ಪೋಪ್‌ರ ಕೈಕೆಳಗಿದ್ದರು. ಅವರಿಂದ ಅದು ಪೋಪ್‌ಗೆ ಸೇರಿದಾಗ ಸಂಜೆ.

ಪೋಪ್ ಅದನ್ನು ಓದಿಯೂ ನಂಬಲಿಲ್ಲ. ಜಾಕ್ಸನ್‌ರ ಬಲಮಗ್ಗುಲಿನ ಮೇಲೆ ಬೀಳು ಎಂದು ಉತ್ತರದ ಇನ್ನೊಬ್ಬ ಸೇನಾನಿ ಫಿಟ್ಜ್ ಜಾನ್ ಪೋರ್ಟರ್‌ಗೆ ಸಂಜೆ ನಾಲ್ಕೂವರೆಗೆ ಆಜ್ಞೆ ಬರೆದಿದ್ದರು. ಆ ಮಗ್ಗುಲಿನ ಜಾಗದಲ್ಲಿ ಲಾಂಗ್‌ಸ್ಟ್ರೀಟ್ ನಿಂತಿದ್ದರು. ಪೋರ್ಟರ್ ಮುನ್ನುಗ್ಗಲಿಲ್ಲ. 1863ರ ಜನವರಿಯಲ್ಲಿ ಸೇನಾ ನ್ಯಾಯಾಲಯ ಅವರನ್ನು ಆಜ್ಞೆ ಮೀರಿದ ತಪ್ಪಿಗೆ ಸೈನ್ಯದಿಂದ ಕಿತ್ತುಹಾಕಿತು. ಮರುವಿಚಾರಣೆಯಲ್ಲಿ ದಕ್ಷಿಣದ ಸೇನಾನಿಗಳೇ ಬಂದು ಅಲ್ಲಿ ತಾವಿದ್ದೆವೆಂದು ಹೇಳಿದ ಮೇಲೆ 1879ರಲ್ಲಿ ಅವರು ನಿರ್ದೋಷಿ ಎನಿಸಿಕೊಂಡರು. ಹುದ್ದೆ ಮರಳಿ ಸಿಕ್ಕಿದ್ದು 1886ರಲ್ಲಿ. ಎದುರಿನ ದಿಣ್ಣೆಯ ಹಿಂದೆ ಯಾರಿದ್ದರು ಎಂಬ ಒಂದೇ ಪ್ರಶ್ನೆಗೆ ಹಿಡಿದ ಕಾಲ 23 ವರ್ಷ.

30ರ ಬೆಳಿಗ್ಗೆ ದಕ್ಷಿಣದವರು ಓಡಿಹೋಗುತ್ತಿದ್ದಾರೆ ಎಂದು ಪೋಪ್ ತೀರ್ಮಾನಿಸಿದರು. ರಾತ್ರಿ ಲಾಂಗ್‌ಸ್ಟ್ರೀಟ್‌ರ ಮುಂಚೂಣಿ ಸ್ವಲ್ಪ ಹಿಂದೆ ಸರಿದದ್ದು ಅವರಿಗೆ ಹಾಗೆ ತೋರಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಪೋರ್ಟರ್‌ರ ಸಾವಿರಾರು ಜನ ಬಯಲು ದಾಟಿ ಏರಿಗೆ ನುಗ್ಗಿದರು. ದಕ್ಷಿಣದ ಕೆಲವು ತುಕಡಿಗಳ ತೋಟಾ ತೀರಿಹೋಗಿ ಅವರು ರೈಲುದಾರಿಗೆ ಹಾಕಿದ್ದ ಕಲ್ಲುಗಳನ್ನೇ ಎತ್ತಿ ಎಸೆದರು. ಉತ್ತರದವರು ಅದೇ ಕಲ್ಲುಗಳನ್ನು ತಿರುಗಿ ಎಸೆದರು. ದಾಳಿ ಮುರಿಯಿತು. ನಾಲ್ಕರ ಹೊತ್ತಿಗೆ ಲಾಂಗ್‌ಸ್ಟ್ರೀಟ್‌ರ ಇಡೀ ಪಡೆ ಮರೆಯಿಂದ ಎದ್ದು ಉತ್ತರದವರ ಎಡಮಗ್ಗುಲಿಗೆ ಬಿತ್ತು.

ಮೊದಲು ಸಿಕ್ಕವರು 5ನೇ ನ್ಯೂಯಾರ್ಕ್ ರೆಜಿಮೆಂಟಿನವರು, ಕೆಂಪು ಸಡಿಲ ಇಜಾರಿನ ಸುಮಾರು 500 ಜನ. ಹತ್ತು ನಿಮಿಷದೊಳಗೆ ಅವರಲ್ಲಿ 300ರಷ್ಟು ಜನ ನೆಲಕ್ಕುರುಳಿದರು. ಸುಮಾರು 120 ಮಂದಿ ಸತ್ತೇಹೋದರು. ಆಮೇಲೆ ಚಿನ್ ದಿಬ್ಬದ ಮೇಲೆ, ಅದಾದ ಮೇಲೆ ಹೆನ್ರಿ ಗುಡ್ಡದ ಮೇಲೆ ಉತ್ತರದ ತುಕಡಿಗಳು ಕಚ್ಚಿಕೊಂಡು ನಿಂತು ಹೊತ್ತು ಕಳೆದವು. ಹಿಂದಿನ ವರ್ಷ ಸೋತ ಅದೇ ಗುಡ್ಡ ಈ ಸಲ ಸೈನ್ಯವನ್ನು ಉಳಿಸಿತು. ರಾತ್ರಿ ಪೋಪ್‌ರ ಸೈನ್ಯ ಹಳ್ಳ ದಾಟಿತು. ಈ ಸಲ ಓಡಲಿಲ್ಲ, ನಡೆದೇ ಹೋಯಿತು.

ಮೂರು ದಿನದ ಒಟ್ಟು ನಷ್ಟ ಸುಮಾರು 22,000. ಮೊದಲನೆಯ ಯುದ್ಧದ ನಾಲ್ಕು ಪಟ್ಟಿಗೂ ಹೆಚ್ಚು. ಪೋಪ್‌ರನ್ನು ದೂರದ ಮಿನೆಸೋಟಾಕ್ಕೆ ಕಳುಹಿಸಿದರು. ಗೆಲುವಿನ ಹುಮ್ಮಸ್ಸಿನಲ್ಲಿ ಲೀ ಮೇರಿಲ್ಯಾಂಡಿಗೆ ನುಗ್ಗಿ ಸೆಪ್ಟೆಂಬರ್ 17ರಂದು ಆಂಟೀಟಮ್‌ನಲ್ಲಿ ತಡೆಯಲ್ಪಟ್ಟರು. ಐದು ದಿನಗಳ ನಂತರ ಲಿಂಕನ್ ಗುಲಾಮರ ವಿಮೋಚನೆಯ ಮೊದಲ ಘೋಷಣೆ ಹೊರಡಿಸಿದರು.

ನೋಟಕ್ಕೆ ಅಡ್ಡ ಬಂದರೆ ಏನಾಯಿತು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪೋರ್ಟರ್ ತಪ್ಪು ಮಾಡಿದರೇ, ಜಾಕ್ಸನ್ ಮಲಗಿಸಿದ ಜನ ನಿಜವಾಗಿಯೂ ಕಾಣುತ್ತಿರಲಿಲ್ಲವೇ ಎಂಬುದನ್ನು ನಕ್ಷೆ ನೋಡಿ ಅರಿಯುವುದು ಕಷ್ಟ. ನೆಲದ ಮೇಲೆ ನಿಂತರೆ ಅರೆಗಳಿಗೆಯಲ್ಲಿ ತಿಳಿಯುತ್ತದೆ. ಸಂರಕ್ಷಣೆ ಕೇಳುವವರ ವಾದ ಇದು. ಎದುರು ಪಕ್ಷಕ್ಕೂ ತನ್ನ ಮಾತಿದೆ: ಆ ಜಮೀನು ಖಾಸಗಿಯವರದು, ಸುತ್ತ ಈಗಾಗಲೇ ಭಾರಿ ವಿದ್ಯುತ್ ತಂತಿಗಳು ಹಾದಿವೆ, ಡೇಟಾ ಸೆಂಟರ್‌ಗಳಿಂದ ಕೌಂಟಿಗೆ ಬರುವ ತೆರಿಗೆ ದೊಡ್ಡದು.

ಜಗಳ ಹೊಸದಲ್ಲ. 1940ರಲ್ಲಿ ಈ ಜಾಗ ರಾಷ್ಟ್ರೀಯ ರಣಭೂಮಿ ಉದ್ಯಾನವಾಯಿತು, ಆದರೆ ಎಲ್ಲ ಹೊಲವೂ ಅದರೊಳಗೆ ಬಂದಿರಲಿಲ್ಲ. 1988ರಲ್ಲಿ ಲಾಂಗ್‌ಸ್ಟ್ರೀಟ್‌ರ ಪಡೆ ಮರೆಯಾಗಿ ನಿಂತಿದ್ದ, ಲೀ ಠಾಣ್ಯ ಹಾಕಿದ್ದ ಸ್ಟೂವರ್ಟ್ ಗುಡ್ಡದಲ್ಲಿ ಶಾಪಿಂಗ್ ಮಾಲ್ ಕಟ್ಟಲು ಬುಲ್ಡೋಜರ್‌ಗಳು ಇಳಿದವು. ಅಮೆರಿಕದ ಸಂಸತ್ತು ಕಾನೂನು ಮಾಡಿ ಐನೂರು ಎಕರೆಗೂ ಹೆಚ್ಚು ಜಮೀನನ್ನು ವಶಕ್ಕೆ ತೆಗೆದುಕೊಂಡಿತು. ಪರಿಹಾರ ಹತ್ತು ಕೋಟಿ ಡಾಲರ್ ದಾಟಿತು. 1994ರಲ್ಲಿ ಡಿಸ್ನಿ ಕಂಪನಿ ಹತ್ತಿರದ ಹೇಮಾರ್ಕೆಟ್‌ನಲ್ಲಿ ಇತಿಹಾಸದ ಮನರಂಜನಾ ಉದ್ಯಾನ ಕಟ್ಟುವ ಯೋಜನೆಯನ್ನು ವಿರೋಧಕ್ಕೆ ಮಣಿದು ಕೈಬಿಟ್ಟಿತು. ಈಗಿನದು ಡೇಟಾ ಸೆಂಟರ್. ಬ್ರಾನರ್ ಹೊಲದಿಂದ ಅದರ ಜಾಗ ದೂರವಿಲ್ಲ.

ನೋಟದ ಮಾತು ಒಂದಾದರೆ ನೆಲದೊಳಗಿನದು ಇನ್ನೊಂದು. 2014ರಲ್ಲಿ ಉದ್ಯಾನದೊಳಗೇ ಕೊಳವೆ ಹಾಕಲು ಅಗೆಯುವಾಗ ಮೂಳೆಗಳು ಸಿಕ್ಕವು. ಮರುವರ್ಷ ಪುರಾತತ್ವಜ್ಞರು ಅಗೆದಾಗ ಅದು ರಣರಂಗದ ವೈದ್ಯರ ಗುಂಡಿ ಎಂದು ತಿಳಿಯಿತು. ಗರಗಸದಿಂದ ಕತ್ತರಿಸಿದ 11 ಕೈಕಾಲುಗಳ ಮೂಳೆಗಳು, ಅವುಗಳ ಜೊತೆ ಇಬ್ಬರು ಸೈನಿಕರ ಹೆಚ್ಚುಕಡಿಮೆ ಪೂರ್ತಿ ಅಸ್ಥಿಪಂಜರಗಳು. ಒಬ್ಬನ ತೊಡೆಯ ಮೂಳೆಯಲ್ಲಿ ಗುಂಡು ಇನ್ನೂ ಸಿಕ್ಕಿಕೊಂಡಿತ್ತು. ಇಬ್ಬರೂ ಎರಡನೆಯ ಯುದ್ಧದಲ್ಲಿ ಸತ್ತ ಉತ್ತರದವರು. ಹೆಸರು ಗೊತ್ತಾಗಲಿಲ್ಲ. 2018ರ ಸೆಪ್ಟೆಂಬರ್ 6ರಂದು ಅವರನ್ನು ಆರ್ಲಿಂಗ್‌ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ಶವಪೆಟ್ಟಿಗೆಗಳನ್ನು ಮಾಡಿದ್ದು ಮನಾಸಸ್ ರಣಭೂಮಿಯಲ್ಲಿ ಉರುಳಿಬಿದ್ದಿದ್ದ ಓಕ್ ಮರವೊಂದರ ಹಲಗೆಗಳಿಂದ.